ನೀಲಿ ಚುಕ್ಕೆ ಪಕ್ಕದ ಓಣಿಗೆ ಹಾರಿದರೆ: ಶಿವಮೊಗ್ಗ ಮತ್ತು ಮಲೆನಾಡಿನಲ್ಲಿ ಜಿಪಿಎಸ್ ದೋಷ ಪತ್ತೆ

ಗಾಂಧಿ ಬಜಾರಿನ ಒಳಗಿನ ಅಂಗಡಿಗೆ ಪಾರ್ಸೆಲ್ ತಂದ ಹುಡುಗ ಹಿಂದಿನ ಓಣಿಯಲ್ಲಿ ನಿಂತು ಫೋನ್ ಮಾಡುತ್ತಾನೆ. ದುರ್ಗಿಗುಡಿಯಲ್ಲಿ ಬುಕ್ ಮಾಡಿದ ಆಟೋ ಪಕ್ಕದ ಕ್ರಾಸಿನಲ್ಲಿ ಕಾಯುತ್ತಿರುತ್ತದೆ. ತೀರ್ಥಹಳ್ಳಿ ಕಡೆಯ ತೋಟದಲ್ಲಿ ನಿಂತವರಿಗೆ ಬೆಳೆ ಸಮೀಕ್ಷೆಯ ಆಪ್ 'ನೀವು ಈ ಸರ್ವೆ ನಂಬರಿನಲ್ಲಿ ಇಲ್ಲ' ಎನ್ನುತ್ತದೆ. ಮ್ಯಾಪಿನಲ್ಲಿ ನೀವಿರುವ ಜಾಗ ತೋರಿಸುವ ನೀಲಿ ಚುಕ್ಕೆ ಹೀಗೆ ತಪ್ಪಿದಾಗ ಎಲ್ಲರೂ ಬೈಯುವುದು ಫೋನನ್ನು. ಕೆಲವರು ರಿಪೇರಿ ಅಂಗಡಿಗೆ ದುಡ್ಡು ಹಾಕುತ್ತಾರೆ, ಕೆಲವರು ಹೊಸ ಫೋನನ್ನೇ ಕೊಳ್ಳುತ್ತಾರೆ. ಬಹಳ ಸಲ ಫೋನ್ ಸರಿಯಾಗಿಯೇ ಇರುತ್ತದೆ. ಅದಕ್ಕೆ ಆಕಾಶ ಕಾಣುತ್ತಿರುವುದಿಲ್ಲ, ಅಷ್ಟೆ. ಆದ್ದರಿಂದ ದುಡ್ಡು ಬಿಚ್ಚುವ ಮೊದಲು ತಲೆ ಎತ್ತಿ ನೋಡಿ. ಖರ್ಚಿಲ್ಲದ ಪರೀಕ್ಷೆಗಳನ್ನು ಇಲ್ಲಿ ಮೊದಲು ಹೇಳಿದ್ದೇನೆ, ಕಷ್ಟದವು ಆಮೇಲೆ ಬರುತ್ತವೆ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಈ ಯಾವ ಪರೀಕ್ಷೆಯನ್ನೂ ಗಾಡಿ ಓಡಿಸುತ್ತಾ ಮಾಡಬೇಡಿ. ಬದಿಗೆ ನಿಲ್ಲಿಸಿ ಮಾಡಿ, ಇಲ್ಲವೇ ಹಿಂದೆ ಕೂತವರ ಕೈಗೆ ಫೋನ್ ಕೊಡಿ.

ಚುಕ್ಕೆ ತಪ್ಪುವುದು ಯಾಕೆ

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ ತನ್ನ ಗಡಿಯಾರದ ಸಮಯವನ್ನು ರೇಡಿಯೊ ಅಲೆಯಲ್ಲಿ ಕಳಿಸುತ್ತಾ ಇರುತ್ತದೆ. ಅಲೆ ಬರಲು ಎಷ್ಟು ಹೊತ್ತಾಯಿತು ಎಂಬುದರಿಂದ ಫೋನ್ ದೂರವನ್ನು ಲೆಕ್ಕ ಹಾಕುತ್ತದೆ. ಕನಿಷ್ಠ 4 ಉಪಗ್ರಹ ಸಿಕ್ಕರೆ ನೀವಿರುವ ಜಾಗ ಗೊತ್ತಾಗುತ್ತದೆ. ಅಲೆ ಬೆಳಕಿನ ವೇಗದಲ್ಲಿ ಬರುತ್ತದೆ. ಹಾಗಾಗಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಡವಾದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ.

ಗುಡ್ಡದ ಎದುರು ನಿಂತು ಕೂಗು ಹಾಕಿದರೆ ಮರುದನಿ ತಡವಾಗಿ ಬರುತ್ತದೆ ಅಲ್ವಾ? ಗೋಡೆ, ಗಾಜು, ತಗಡಿನ ಶೀಟಿಗೆ ಬಡಿದು ಬಂದ ಅಲೆಯೂ ಹಾಗೆಯೇ ತಡವಾಗಿ ತಲುಪುತ್ತದೆ. ಫೋನಿಗೆ ಅದು ಸುತ್ತಿ ಬಂದದ್ದು ಎಂದು ಗೊತ್ತಾಗುವುದಿಲ್ಲ. ಉಪಗ್ರಹವೇ ದೂರವಿದೆ ಎಂದುಕೊಳ್ಳುತ್ತದೆ. ನೇರ ಅಲೆಯೂ ಬಡಿದು ಬಂದ ಅಲೆಯೂ ಒಟ್ಟಿಗೆ ಬಂದರೆ ತಪ್ಪು ಸ್ವಲ್ಪ ಮಿತಿಯಲ್ಲಿರುತ್ತದೆ. ನೇರ ಅಲೆಯನ್ನು ಕಟ್ಟಡ ಪೂರ್ತಿ ಮುಚ್ಚಿ, ಬಡಿದು ಬಂದದ್ದು ಮಾತ್ರ ಸಿಕ್ಕರೆ ತಪ್ಪು ಜಾಸ್ತಿ. ಆಗ ಅಲೆ ಸುತ್ತಿ ಬಂದಷ್ಟು ದೂರವೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಲಕ್ಷಣ: ಕಿಲೋಮೀಟರ್‌ಗಟ್ಟಲೆ ದೂರ ತೋರಿಸುತ್ತಿದೆ

ಇದು ಕಟ್ಟಡಕ್ಕೆ ಬಡಿದು ಬಂದ ಅಲೆಯ ಕೆಲಸ ಅಲ್ಲ. ಅದರಿಂದ ಹತ್ತಾರು ಮೀಟರ್ ತಪ್ಪಬಹುದು, ಕೆಟ್ಟ ಜಾಗದಲ್ಲಿ ನೂರಾರು ಮೀಟರ್ ಆಗಬಹುದು. ವಿನೋಬನಗರದಲ್ಲಿ ಕೂತವರನ್ನು ದಾವಣಗೆರೆಯಲ್ಲಿ ತೋರಿಸುವಷ್ಟು ತಪ್ಪು ಅದರಿಂದ ಆಗುವುದಿಲ್ಲ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ಆ ಆಪ್‌ಗೆ ಕೊಟ್ಟ ಲೊಕೇಶನ್ ಅನುಮತಿ ನೋಡಿ. ಆಂಡ್ರಾಯ್ಡ್ 12 ಬಂದ ಮೇಲೆ, ಐಫೋನಿನಲ್ಲಿ ಐಒಎಸ್ 14 ಬಂದ ಮೇಲೆ, ಆಪ್‌ಗೆ ಅಂದಾಜು ಜಾಗ ಮಾತ್ರ ಕೊಡುವ ಆಯ್ಕೆ ಇದೆ. ಅವಸರದಲ್ಲಿ ಅದನ್ನೇ ಒತ್ತಿದ್ದರೆ ಚುಕ್ಕೆಯ ಸುತ್ತ ಇಡೀ ಬಡಾವಣೆಯನ್ನೇ ನುಂಗುವ ವೃತ್ತ ಬರುತ್ತದೆ. ನಿಖರ ಜಾಗದ ಅನುಮತಿ ಕೊಡಿ. ಬ್ಯಾಟರಿ ಉಳಿಸುವ ಮೋಡ್ ಆಫ್ ಮಾಡಿ.

ಅದು ಸರಿಯಿದ್ದೂ ಮನೆಯೊಳಗೆ ಮಾತ್ರ ಬೇರೆ ಊರು ತೋರಿಸಿದರೆ ವೈಫೈ ಮೇಲೆ ಅನುಮಾನ ಪಡಿ. ಮನೆಯೊಳಗೆ ಫೋನ್ ಸುತ್ತಲಿನ ವೈಫೈ ರೂಟರ್‌ಗಳನ್ನು ನೋಡಿಯೂ ಜಾಗ ಊಹಿಸುತ್ತದೆ. ಯಾರೋ ಮನೆ ಬದಲಿಸಿ, ಹಳೇ ಊರಿನ ರೂಟರನ್ನು ಜೊತೆಗೆ ತಂದಿದ್ದರೆ, ಗೂಗಲ್, ಆಪಲ್‌ನಂಥ ಕಂಪನಿಗಳ ದಾಖಲೆಯಲ್ಲಿ ಅದು ಇನ್ನೂ ಹಳೇ ಊರಿನಲ್ಲೇ ಇರುತ್ತದೆ. ಅಂಗಳಕ್ಕೆ ಬಂದು ಸ್ವಲ್ಪ ಹೊತ್ತು ನಿಲ್ಲಿ. ಚುಕ್ಕೆ ಸರಿಯಾದ ಜಾಗಕ್ಕೆ ಬಂದರೆ ಫೋನಿನಲ್ಲಿ ತೊಂದರೆ ಇಲ್ಲ. ದಿನ ಕಳೆದಂತೆ ಆ ದಾಖಲೆ ತಾನೇ ತಿದ್ದಿಕೊಳ್ಳುತ್ತದೆ.

ಲಕ್ಷಣ: ಚುಕ್ಕೆ ಸರಿಯಿದೆ, ದಿಕ್ಕು ತಪ್ಪಿದೆ

ಬಾಣ ಹಿಂದಕ್ಕೆ ತಿರುಗಿದೆ, ಆದರೆ ಚುಕ್ಕೆ ಇರಬೇಕಾದಲ್ಲೇ ಇದೆ ಎಂದರೆ ಅದು ದಿಕ್ಸೂಚಿಯ ತೊಂದರೆ. ಉಪಗ್ರಹಕ್ಕೂ ಅದಕ್ಕೂ ಸಂಬಂಧವಿಲ್ಲ. ಅಯಸ್ಕಾಂತ ಇರುವ ಕವರ್ ಮತ್ತು ಗಾಡಿಯ ಹೋಲ್ಡರ್ ತೆಗೆಯಿರಿ. ಫೋನನ್ನು ಗಾಳಿಯಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ಕೆಲವು ಸಲ ಆಡಿಸಿ. ಇಪ್ಪತ್ತು ಹೆಜ್ಜೆ ನಡೆದರೆ ಚಲನೆಯಿಂದಲೂ ಬಾಣ ಸರಿಯಾಗುತ್ತದೆ.

ಲಕ್ಷಣ: ಪೇಟೆಯಲ್ಲಿ ಮಾತ್ರ ಪಕ್ಕದ ಓಣಿಗೆ ಹಾರುತ್ತದೆ

ಬಡಿದು ಬಂದ ಅಲೆಯ ಅಸಲಿ ಲಕ್ಷಣ ಇದೇ. 'ಶಿವಮೊಗ್ಗದಲ್ಲಿ ಗಗನಚುಂಬಿ ಕಟ್ಟಡಗಳೇ ಇಲ್ಲವಲ್ಲ' ಎಂದು ಕೇಳುವವರಿದ್ದಾರೆ. ಕಟ್ಟಡ ಎಷ್ಟು ಎತ್ತರ ಎಂಬುದೊಂದೇ ಮುಖ್ಯವಲ್ಲ. ರಸ್ತೆಯ ಅಗಲದ ಜೊತೆ ಹೋಲಿಸಿದರೆ ಎಷ್ಟು ಎತ್ತರ ಎಂಬುದು ಮುಖ್ಯ. 5 ಮೀಟರ್ ಅಗಲದ ಓಣಿ, ಎರಡೂ ಬದಿಗೆ 10 ಮೀಟರ್ ಎತ್ತರದ ಮೂರು ಅಂತಸ್ತಿನ ಕಟ್ಟಡ ಎಂದುಕೊಳ್ಳಿ. ಓಣಿಯ ನಡುವೆ ಫೋನ್ ಹಿಡಿದು ನಿಂತರೆ ಆ ಎರಡು ಬದಿಗಳಲ್ಲಿ ದಿಗಂತದಿಂದ ಸುಮಾರು 75 ಡಿಗ್ರಿಗಿಂತ ಮೇಲಿರುವ ಉಪಗ್ರಹ ಮಾತ್ರ ನೇರವಾಗಿ ಕಾಣುತ್ತದೆ. ಅದೇ ಎತ್ತರದ ಕಟ್ಟಡಗಳ ನಡುವೆ 30 ಮೀಟರ್ ಅಗಲದ ರಸ್ತೆಯಿದ್ದರೆ 30 ಡಿಗ್ರಿಯಿಂದ ಮೇಲಿನದೆಲ್ಲ ಕಾಣುತ್ತದೆ. ಹಳೇ ಪೇಟೆಯ ಇಕ್ಕಟ್ಟಿನ ಓಣಿ ದೊಡ್ಡ ನಗರದ ಎತ್ತರದ ಕಟ್ಟಡಗಳಷ್ಟೇ ತೊಂದರೆ ಕೊಡುವುದು ಇದಕ್ಕೇ.

ಗುರುತಿಸುವುದು ಸುಲಭ. ಚುಕ್ಕೆ ಯಾವ ಕಡೆಗೆ ಸರಿಯುತ್ತದೆ ನೋಡಿ. ಓಣಿಯ ಉದ್ದಕ್ಕೆ ಆಕಾಶ ತೆರೆದಿರುತ್ತದೆ, ಆ ಕಡೆಯ ಉಪಗ್ರಹಗಳು ನೇರವಾಗಿ ಸಿಗುತ್ತವೆ. ಅಡ್ಡಕ್ಕೆ ಗೋಡೆ ಇರುತ್ತದೆ. ಹಾಗಾಗಿ ತಪ್ಪು ಓಣಿಯ ಉದ್ದಕ್ಕೆ ಕಡಿಮೆ, ಅಡ್ಡಕ್ಕೆ ಜಾಸ್ತಿ. ಚುಕ್ಕೆ ಗೋಡೆ ದಾಟಿ ಹಿಂದಿನ ಓಣಿಗೆ ಹೋಗಿ ಕೂತರೆ, ಮನೆಯಲ್ಲಿನ ಇನ್ನೊಂದು ಫೋನಿನಲ್ಲೂ ಅದೇ ಜಾಗದಲ್ಲಿ ಹಾಗೆಯೇ ಆದರೆ, ಇನ್ನು ಅನುಮಾನ ಬೇಡ.

ಮಲೆನಾಡಿನಲ್ಲಿ ಇನ್ನೊಂದು ಸಂಗತಿ ಇದೆ. ಮಳೆಗಾಗಿ ತಾರಸಿಗಳ ಮೇಲೆಲ್ಲ ತಗಡಿನ ಮಾಡು ಹಾಕುತ್ತೇವೆ. ಲೋಹ ಈ ಅಲೆಯನ್ನು ತಡೆಯುತ್ತದೆ, ಜೋರಾಗಿ ವಾಪಸ್ಸೂ ಕಳಿಸುತ್ತದೆ. ಗಾಜಿನ ಮುಖದ ಮಳಿಗೆಗಳೂ ಹಾಗೆಯೇ. ತಗಡಿನ ಅಂಚಿಗೆ ಒತ್ತಿ ನಿಂತು ಜಾಗ ಗುರುತು ಹಾಕಬೇಡಿ.

ಹೀಗೆ ಮಾಡಿ: ಗೋಡೆ ಬಿಟ್ಟು ಓಣಿಯ ಬಾಯಿಗೆ, ನಾಲ್ಕು ದಾರಿ ಸೇರುವಲ್ಲಿಗೆ ಬನ್ನಿ. ಫೋನನ್ನು ಎದೆಯ ಹತ್ತಿರ ಮುಚ್ಚಿ ಹಿಡಿಯದೆ ಸ್ವಲ್ಪ ಮುಂದೆ ಚಾಚಿ, ಅದರ ಮೇಲ್ತುದಿ ಕೈಯಲ್ಲಿ ಮುಚ್ಚದಂತೆ ಹಿಡಿಯಿರಿ. ಅರ್ಧ ನಿಮಿಷ ಬಿಡಿ. ಆಟೋ ಬುಕ್ ಮಾಡುವಾಗ ಚುಕ್ಕೆಯನ್ನೇ ನಂಬದೆ ಪಿನ್ನನ್ನು ಬೆರಳಿನಿಂದ ಎಳೆದು ಅಂಗಡಿಯ ಬಾಗಿಲಿಗೆ ಇಡಿ. ವೈಫೈ ಆನ್ ಇರಲಿ, ನೆಟ್‌ಗೆ ಸೇರಿಸದಿದ್ದರೂ ಪರವಾಗಿಲ್ಲ. ಪೇಟೆಯೊಳಗೆ ರೂಟರ್‌ಗಳು ಜಾಸ್ತಿ ಇರುವುದರಿಂದ ಅದು ಚುಕ್ಕೆಯನ್ನು ಹಿಡಿದಿಡಲು ನೆರವಾಗುತ್ತದೆ.

ಚುಕ್ಕೆಯ ಸುತ್ತಲಿನ ತಿಳಿನೀಲಿ ವೃತ್ತ ಚಿಕ್ಕದಾಗಿದೆ ಎಂದು ಧೈರ್ಯ ಪಡಬೇಡಿ. ಆಂಡ್ರಾಯ್ಡ್‌ನಲ್ಲಿ ಆ ಅಳತೆಯ ಅರ್ಥ, ನೀವು ಅದರೊಳಗೆ ಇರುವ ಸಾಧ್ಯತೆ ಶೇ. 68 ಎಂದು. ಮೂರು ಸಲದಲ್ಲಿ ಒಂದು ಸಲ ನೀವು ಹೊರಗಿರಬಹುದು. ಬಡಿದು ಬಂದ ಅಲೆಯನ್ನು ನಂಬಿದ ಫೋನಿಗೆ ತಾನು ತಪ್ಪಿದ್ದೇನೆ ಎಂಬುದೇ ತಿಳಿಯದು, ಚಿಕ್ಕ ವೃತ್ತವನ್ನೇ ತೋರಿಸುತ್ತದೆ.

ಲಕ್ಷಣ: ನಿಂತಲ್ಲೇ ನಿಂತರೂ ಚುಕ್ಕೆ ಅಲೆಯುತ್ತದೆ

ಕಿಟಕಿಯ ಬಳಿ ಇಟ್ಟ ಫೋನ್ ತಾನೇ ನಡೆದಾಡಿದಂತೆ ಕಾಣುತ್ತದೆ. ವಾಕಿಂಗ್ ಲೆಕ್ಕ ಇಡುವ ಆಪ್‌ನಲ್ಲಿ ಕೂತಲ್ಲೇ ಅರ್ಧ ಕಿಲೋಮೀಟರ್ ಸೇರಿಬಿಡುತ್ತದೆ. ಕಾರಣ ಇಷ್ಟೇ. ಉಪಗ್ರಹಗಳು ಸರಿಯುತ್ತಾ ಇರುತ್ತವೆ, ಅಲೆ ಗೋಡೆಗೆ ಬಡಿಯುವ ಕೋನ ನಿಧಾನವಾಗಿ ಬದಲಾಗುತ್ತದೆ, ತಪ್ಪೂ ಅದರ ಜೊತೆ ತೇಲುತ್ತದೆ. ಗಾಡಿ ಓಡುತ್ತಿದ್ದರೆ ಕೋನಗಳು ಬೇಗಬೇಗ ಬದಲಾಗಿ ತಪ್ಪುಗಳು ಒಂದನ್ನೊಂದು ಸ್ವಲ್ಪ ಅಳಿಸುತ್ತವೆ. ನಿಂತರೆ ಅದೇ ತಪ್ಪು ನಿಮಿಷಗಟ್ಟಲೆ ಉಳಿಯುತ್ತದೆ.

ಇದಕ್ಕೆ ನನಗೆ ಬಹಳ ಇಷ್ಟವಾದ ಒಂದು ಪರೀಕ್ಷೆ ಇದೆ. ಜಿಪಿಎಸ್ ಉಪಗ್ರಹಗಳ ಜೋಡಣೆ ನಮ್ಮ ಆಕಾಶದಲ್ಲಿ 23 ಗಂಟೆ 56 ನಿಮಿಷಕ್ಕೊಮ್ಮೆ ಮತ್ತೆ ಅದೇ ರೀತಿ ಬರುತ್ತದೆ. ಇವತ್ತು ಬೆಳಿಗ್ಗೆ 10 ಗಂಟೆಗೆ ಚುಕ್ಕೆ ಎದುರುಮನೆಗೆ ಹೋಗಿದ್ದರೆ, ನಾಳೆ 9 ಗಂಟೆ 56 ನಿಮಿಷದ ಹೊತ್ತಿಗೆ ಫೋನನ್ನು ಅದೇ ಜಾಗದಲ್ಲಿಟ್ಟು ನೋಡಿ. ಹೆಚ್ಚುಕಮ್ಮಿ ಅದೇ ಕಡೆಗೆ ಸರಿದರೆ ತಪ್ಪು ಗೋಡೆಯದು, ಫೋನಿನದ್ದಲ್ಲ. ಈಗಿನ ಫೋನ್‌ಗಳು ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ ಉಪಗ್ರಹಗಳನ್ನೂ ಬಳಸುತ್ತವೆ. ಅವುಗಳ ಸುತ್ತು ಬೇರೆ. ಹಾಗಾಗಿ ನಕಲು ಪ್ರತಿಯಂತೆ ಒಂದೇ ರೀತಿ ಬರಲೇಬೇಕೆಂದಿಲ್ಲ, ಒಲವು ಕಂಡರೆ ಸಾಕು.

ಸಂಜೆ ಕತ್ತಲಾದ ಮೇಲೆ, ಬಯಲಿನಲ್ಲಿ ನಿಂತಾಗಲೂ ಎಲ್ಲರ ಫೋನುಗಳೂ ಒಟ್ಟಿಗೆ ಗಲಿಬಿಲಿಯಾದರೆ ಅದು ಬೇರೆ ಸಂಗತಿ. ದಕ್ಷಿಣ ಭಾರತ ಭೂಮಿಯ ಕಾಂತೀಯ ಸಮಭಾಜಕಕ್ಕೆ ಹತ್ತಿರವಿದೆ. ಇಲ್ಲಿ ಸೂರ್ಯ ಮುಳುಗಿದ ಮೇಲೆ, ಮುಖ್ಯವಾಗಿ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ, ವಾತಾವರಣದ ಮೇಲ್ಪದರವಾದ ಅಯಾನುಗೋಳ ಕದಡಿ ಅಲೆಗಳ ಬಲ ನಕ್ಷತ್ರ ಮಿನುಗಿದಂತೆ ಏರಿಳಿಯುತ್ತದೆ. ನೀವು ಮಾಡುವಂಥದ್ದು ಏನೂ ಇಲ್ಲ. ನಡುರಾತ್ರಿಯ ನಂತರ ಸಾಮಾನ್ಯವಾಗಿ ತಣ್ಣಗಾಗುತ್ತದೆ.

ಲಕ್ಷಣ: ಎಲ್ಲಿ ಹೋದರೂ ಸರಿಯಿಲ್ಲ

ಈಗ ಫೋನಿನ ಮೇಲೆ ಅನುಮಾನ ಪಡಬಹುದು. ಮೊದಲು ತೆರೆದ ಜಾಗಕ್ಕೆ ಹೋಗಿ. ನೆಹರೂ ಕ್ರೀಡಾಂಗಣದ ನಡುಭಾಗ, ಕೊಯ್ಲಾದ ಗದ್ದೆ, ಯಾವುದಾದರೂ ಸರಿ. ತೆರೆದ ಆಕಾಶದ ಕೆಳಗೆ ಒಳ್ಳೆಯ ಫೋನಿನ ತಪ್ಪು ಸುಮಾರು 5 ಮೀಟರ್ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಸರಿಯಾಗಿದ್ದರೆ ಫೋನ್ ಗಟ್ಟಿಯಾಗಿದೆ, ಮುಂದಿನದು ಓದಬೇಕಿಲ್ಲ.

ಅಲ್ಲಿಯೂ ಕೆಟ್ಟದಾಗಿದ್ದರೆ ಕವರ್ ಬಿಚ್ಚಿ. ಹೋಲ್ಡರಿಗೆ ಅಂಟಲೆಂದು ಹಿಂದೆ ಹಾಕಿದ ಲೋಹದ ತಗಡನ್ನು ತೆಗೆಯಿರಿ. ಕಾರಿನಲ್ಲಿ ಮಾತ್ರ ತೊಂದರೆ ಎಂದಾದರೆ ಡ್ಯಾಶ್‌ಕ್ಯಾಮ್ ಮತ್ತು ಚಾರ್ಜರ್ ಎರಡನ್ನೂ ಕಿತ್ತು ನೋಡಿ. ಅಗ್ಗದ ಕೆಲವು ಸಾಧನಗಳು ಹೊರಸೂಸುವ ರೇಡಿಯೊ ಗದ್ದಲ ಉಪಗ್ರಹದ ಸಣ್ಣ ಅಲೆಯನ್ನು ಮುಳುಗಿಸಿಬಿಡುತ್ತದೆ. ಕಿತ್ತ ಕೂಡಲೇ ಸರಿಯಾದರೆ ಕಳ್ಳ ಸಿಕ್ಕ ಹಾಗೆ. ಗಾಜಿಗೆ ಲೋಹ ಬೆರೆತ ಫಿಲ್ಮ್ ಹಾಕಿಸಿದ್ದರೂ ಅಲೆ ತಡೆಯುತ್ತದೆ.

ಮುಂದಿನ ಹೆಜ್ಜೆಗೆ ಜಿಪಿಎಸ್‌ಟೆಸ್ಟ್‌ನಂಥ ಉಚಿತ ಆಪ್ ಬೇಕು. ಇದು ಆಂಡ್ರಾಯ್ಡ್‌ನವರಿಗೆ. ಐಫೋನ್ ಆಪ್‌ಗಳಿಗೆ ಪ್ರತಿ ಉಪಗ್ರಹದ ವಿವರ ಕೊಡುವುದಿಲ್ಲ, ಆ ಫೋನಿನವರು ಪಕ್ಕದವರ ಫೋನಿನ ಜೊತೆ ಹೋಲಿಸಿ ನೋಡಬೇಕಷ್ಟೆ. ಆಪ್ ತೆರೆದರೆ ಯಾವ ಉಪಗ್ರಹ ಆಕಾಶದಲ್ಲಿ ಎಲ್ಲಿದೆ, ಅದರ ಅಲೆಯ ಬಲ ಎಷ್ಟು ಎಂಬುದು ಡಿಬಿ-ಹರ್ಟ್ಸ್ ಎಂಬ ಅಳತೆಯಲ್ಲಿ ಕಾಣುತ್ತದೆ. ಬಯಲಿನಲ್ಲಿ ಒಳ್ಳೆಯ ಉಪಗ್ರಹಗಳು 40ರ ಸುತ್ತಮುತ್ತ ಇರುತ್ತವೆ. 25ಕ್ಕಿಂತ ಕೆಳಗಿನದು ಹೆಚ್ಚು ಉಪಯೋಗವಿಲ್ಲ.

ಅಂಕಿಗಿಂತ ಅವುಗಳ ಮಾದರಿ ಮುಖ್ಯ. ಎಲ್ಲ ಉಪಗ್ರಹಗಳೂ ಒಟ್ಟಿಗೆ ಸೊರಗಿದ್ದರೆ ಕವರ್, ಚಾರ್ಜರ್‌ನಂಥ ಅಡ್ಡಿ, ಇಲ್ಲವೇ ಫೋನಿನ ಒಳಗಿನ ಆಂಟೆನಾ. ಒಂದು ದಿಕ್ಕಿನವು ಮಾತ್ರ ಸೊರಗಿದ್ದರೆ ಆ ಕಡೆ ಗೋಡೆಯೋ ಗುಡ್ಡವೋ ಇದೆ. ಕಟ್ಟಡದ ಹಿಂದೆ ಕೆಳಗಿರುವ ಉಪಗ್ರಹವೂ ಸಿಗುತ್ತಿದೆ, ಆದರೆ ಅದರ ಬಲ ಏರಿಳಿಯುತ್ತಿದೆ, ಚುಕ್ಕೆಯೂ ಹಾರುತ್ತಿದೆ ಎಂದರೆ ಸಿಗುತ್ತಿರುವುದು ಬಡಿದು ಬಂದ ಅಲೆ.

ಅದೇ ಪರದೆಯಲ್ಲಿ ಎಲ್1, ಎಲ್5 ಎಂಬ ಗುರುತು ನೋಡಿ. ಇವು ಉಪಗ್ರಹಗಳು ಅಲೆ ಕಳಿಸುವ ಎರಡು ಬೇರೆ ಬೇರೆ ಫ್ರೀಕ್ವೆನ್ಸಿಗಳು. ಹಳೆಯ ಮತ್ತು ಅಗ್ಗದ ಫೋನುಗಳಲ್ಲಿ ಎಲ್1 ಮಾತ್ರ ಇರುತ್ತದೆ. ಎಲ್5ರ ಸಂಕೇತ ಹತ್ತು ಪಟ್ಟು ವೇಗವಾಗಿ ಬದಲಾಗುತ್ತದೆ. ಎಲ್1ರ ಹಳೆಯ ಸಂಕೇತದ ಒಂದು ತುಣುಕು ಸುಮಾರು 293 ಮೀಟರ್ ಉದ್ದವಾದರೆ, ಎಲ್5ರದು ಸುಮಾರು 29 ಮೀಟರ್. ತುಣುಕು ಚಿಕ್ಕದಾದಷ್ಟೂ ತಡವಾಗಿ ಬಂದ ಅಲೆಯನ್ನು ನೇರ ಅಲೆಯಿಂದ ಬೇರೆ ಮಾಡುವುದು ಸುಲಭ. ಜಿಪಿಎಸ್‌ನಂಥದ್ದೇ ಆದ ನಮ್ಮ ಭಾರತದ ನಾವಿಕ್ ವ್ಯವಸ್ಥೆ ಮೊದಲಿನಿಂದಲೂ ಎಲ್5 ಬಳಸುತ್ತದೆ. 2023ರ ಮೇನಲ್ಲಿ ಇಸ್ರೊ ಹಾರಿಸಿದ ಎನ್‌ವಿಎಸ್-01 ಉಪಗ್ರಹದಿಂದ ಎಲ್1 ಕೂಡ ಸೇರಿತು. ಹೊಸ ಫೋನ್ ಕೊಳ್ಳಲೇಬೇಕಾಗಿದ್ದು, ಪೇಟೆಯಲ್ಲಿ ಡೆಲಿವರಿ ಕೆಲಸ ನಿಮ್ಮದಾಗಿದ್ದರೆ, ಎಲ್1 ಜೊತೆ ಎಲ್5 ಇರುವ ಫೋನ್ ಕೇಳಿ ತೆಗೆದುಕೊಳ್ಳಿ. ನೇರ ಅಲೆಯೇ ಬರದ ಕಡೆ ಎಲ್5 ಇದ್ದರೂ ಪವಾಡ ನಡೆಯದು ಎಂಬುದೂ ಗೊತ್ತಿರಲಿ.

ಲಕ್ಷಣ: ಘಾಟಿಯಲ್ಲಿ, ಕಾಡಿನಲ್ಲಿ, ಮಳೆಗಾಲದಲ್ಲಿ ಕೈಕೊಡುತ್ತದೆ

ಎಲ್ಲರೂ ಮಳೆಯನ್ನು ದೂರುತ್ತಾರೆ. ಆಗುಂಬೆಯ ಮಳೆಯೇ ಸುರಿದರೂ ಮಳೆಹನಿಗಳಿಂದ ಈ ಅಲೆಗೆ ಆಗುವ ನಷ್ಟ ಲೆಕ್ಕಕ್ಕೆ ಬರುವಷ್ಟಿಲ್ಲ. ತಡೆಯುವುದು ಒದ್ದೆ ಎಲೆ. ಮರದ ಕೊಡೆ ದಟ್ಟವಾಗಿ, ನೀರು ಹಿಡಿದುಕೊಂಡಾಗ ಅಲೆ ಸೊರಗುತ್ತದೆ. ಹಾಗಾಗಿ ಮಳೆ ನಿಂತ ಮೇಲೂ, ಎಲೆಯಿಂದ ನೀರು ತೊಟ್ಟಿಕ್ಕುವವರೆಗೂ ತೊಂದರೆ ಹಾಗೆಯೇ ಇರುತ್ತದೆ. ಹುಲಿಕಲ್, ಆಗುಂಬೆ ಘಾಟಿಯ ತಿರುವುಗಳಲ್ಲಿ ಇದರ ಜೊತೆ ಒಂದು ಬದಿಯ ಆಕಾಶವನ್ನು ಗುಡ್ಡವೇ ಮುಚ್ಚಿರುತ್ತದೆ.

ಜಾಗ ಸಿಗಲು ಬಹಳ ಹೊತ್ತು ಹಿಡಿಯುವುದಕ್ಕೆ ಇನ್ನೊಂದು ಕಾರಣ ಇದೆ. ಉಪಗ್ರಹ ತಾನು ಎಲ್ಲಿದ್ದೇನೆ ಎಂಬ ವಿವರವನ್ನು ಬಹಳ ನಿಧಾನವಾಗಿ, ಸುಮಾರು 30 ಸೆಕೆಂಡಿಗೊಂದು ಕಂತಿನಲ್ಲಿ ಕಳಿಸುತ್ತದೆ. ಪೇಟೆಯಲ್ಲಿ ಫೋನ್ ಆ ವಿವರವನ್ನು ಮೊಬೈಲ್ ನೆಟ್ ಮೂಲಕ ಥಟ್ಟನೆ ತರಿಸಿಕೊಳ್ಳುತ್ತದೆ. ನೆಟ್‌ವರ್ಕ್ ಇಲ್ಲದ ಕಾಡಿನಲ್ಲಿ ಉಪಗ್ರಹದಿಂದಲೇ ಕೇಳಬೇಕು, ಎಲೆಗಳ ನಡುವೆ ಕಂತು ತುಂಡಾದರೆ ಮತ್ತೆ ಕಾಯಬೇಕು. ತೀರ್ಥಹಳ್ಳಿಯನ್ನೋ ಹೊಸನಗರವನ್ನೋ ಬಿಡುವ ಮೊದಲೇ ಲೊಕೇಶನ್ ಆನ್ ಮಾಡಿ, ಮ್ಯಾಪ್ ತೆರೆದು ಚುಕ್ಕೆ ಕೂತ ಮೇಲೆ ಹೊರಡಿ. ಆ ಪ್ರದೇಶದ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ.

ಆದರೆ ನಕ್ಷೆ ಹಳೆಯದಾಗಿರಬಾರದು. ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈಯಲ್ಲಿ ತೆರೆಯಿತು. ಅದಕ್ಕೂ ಮೊದಲು ಇಳಿಸಿಟ್ಟ ನಕ್ಷೆಯಲ್ಲಿ ನೀವು ನೀರಿನ ಮೇಲೆ ಹೋಗುತ್ತಿರುವಂತೆ ಕಂಡರೆ ಅದು ಅಲೆಯ ತಪ್ಪಲ್ಲ, ನಕ್ಷೆಯದು. ಉಪಗ್ರಹ ಚಿತ್ರದ ನೋಟಕ್ಕೆ ಬದಲಿಸಿ ನೋಡಿ. ಚುಕ್ಕೆ ನಿಜವಾದ ರಸ್ತೆಯ ಮೇಲಿದ್ದು ನಕ್ಷೆಯ ಗೆರೆ ಬೇರೆ ಕಡೆ ಇದ್ದರೆ ಫೋನಿನಲ್ಲಿ ಹುಡುಕುವುದನ್ನು ನಿಲ್ಲಿಸಿ.

ಇಲ್ಲಿ ಕಟ್ಟುನಿಟ್ಟಾಗಿ ಹೇಳುತ್ತೇನೆ. ಮಂಜು, ಕತ್ತಲು, ಹೊಳೆ ಬಂದ ರಸ್ತೆ, ಹಿನ್ನೀರಿನ ಅಂಚು, ಇಂಥ ಕಡೆ ಚುಕ್ಕೆ ಹೇಳಿತೆಂದು ಮುಂದೆ ಹೋಗಬೇಡಿ. ಹತ್ತಿರದ ಮನೆಯವರನ್ನು ಕೇಳಿ. ದಾರಿ ತಪ್ಪಿ ಕಾಡಿನೊಳಗೆ ಸಿಕ್ಕಿಕೊಂಡರೆ ಸಿಗ್ನಲ್ ಹುಡುಕುತ್ತಾ ಇಳಿಜಾರಿನಲ್ಲಿ ಅಲೆಯಬೇಡಿ. ಇದ್ದಲ್ಲೇ ನಿಂತು 112ಕ್ಕೆ ಕರೆ ಮಾಡಿ. ಮ್ಯಾಪಿನ ಅಂಕಿಗಳ ಜೊತೆ ಕೊನೆಯದಾಗಿ ದಾಟಿದ ಊರು, ಸೇತುವೆ, ಕಿಲೋಮೀಟರ್ ಕಲ್ಲು ಹೇಳಿ.

ಲಕ್ಷಣ: ತೋಟದ ಅಳತೆ ಸಲಕ್ಕೊಂದು ಬರುತ್ತದೆ

ಫೋನ್ ಹಿಡಿದು ಬೇಲಿ ಸುತ್ತಿದರೆ ಒಂದು ಸಲ ಎಕರೆ, ಇನ್ನೊಂದು ಸಲ 37 ಗುಂಟೆ. ಲೆಕ್ಕ ನೋಡಿ. ಒಂದು ಎಕರೆಯ ಚೌಕ ಎಂದರೆ ಬದಿಗೆ ಸುಮಾರು 64 ಮೀಟರ್. ಒಂದು ಬದಿ 5 ಮೀಟರ್ ಸರಿದರೆ 3 ಗುಂಟೆಗಿಂತ ಜಾಸ್ತಿ ವ್ಯತ್ಯಾಸ. ಅಡಿಕೆ ಮರಗಳ ಕೆಳಗೆ ಅಷ್ಟು ಸರಿಯುವುದು ದೊಡ್ಡ ಮಾತಲ್ಲ.

ಬೆಳೆ ಸಮೀಕ್ಷೆಯ ಫೋಟೋಗೆ ಇಷ್ಟು ಮಾಡಿದರೆ ಬಹುತೇಕ ಸಾಕಾಗುತ್ತದೆ: ಗಡಿಗೆ ಒತ್ತಿ ನಿಲ್ಲದೆ ಜಮೀನಿನ ನಡುಭಾಗಕ್ಕೆ ಹೋಗಿ. ಮರಗಳ ನಡುವೆ ಆಕಾಶ ಕಾಣುವ ಸಂದಿ ಹುಡುಕಿ. ಪಂಪ್‌ಸೆಟ್ ಮನೆಯ ತಗಡಿನಿಂದ ದೂರ ನಿಲ್ಲಿ. ಒಂದೆರಡು ನಿಮಿಷ ಕಾದು, ಚುಕ್ಕೆ ನೆಲೆಯಾದ ಮೇಲೆ ಫೋಟೋ ತೆಗೆಯಿರಿ.

ಮೂಲೆಯ ಕಲ್ಲಿನ ಜಾಗ ತಿಳಿಯಬೇಕೆಂದರೆ ಸರಾಸರಿ ತೆಗೆಯಬೇಕು. ಆದರೆ ಐದು ನಿಮಿಷ ನಿಂತು ತೆಗೆದ ಸರಾಸರಿ ಸುಮ್ನೆ ವ್ಯರ್ಥ, ಅಷ್ಟು ಹೊತ್ತಿನಲ್ಲಿ ತಪ್ಪು ಬದಲಾಗಿರುವುದೇ ಇಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಅದೇ ಕಲ್ಲಿನ ಬಳಿ ನಿಂತು ಬರೆದುಕೊಳ್ಳಿ. ಉಪಗ್ರಹಗಳು ಬೇರೆಯಾದಾಗ ತಪ್ಪೂ ಬೇರೆಯಾಗುತ್ತದೆ, ಆಗ ಸರಾಸರಿಗೆ ಬೆಲೆ ಬರುತ್ತದೆ.

ಬೇಲಿಯ ತಕರಾರು, ಪೋಡಿ, ಪಾಲು, ಮಾರಾಟ ಇದ್ದರೆ ಫೋನನ್ನು ಜೇಬಿಗೆ ಹಾಕಿ. ಫೋನಿನ ಗೆರೆ ತೋರಿಸಿ ದಾಯಾದಿಗಳ ಜೊತೆ ಜಗಳಕ್ಕೆ ನಿಲ್ಲಬೇಡಿ, ಆ ಗೆರೆ ತೀರ್ಮಾನಕ್ಕೆ ಯೋಗ್ಯವಲ್ಲ. ಭೂಮಾಪನ ಇಲಾಖೆಗೆ ಅರ್ಜಿ ಹಾಕಿ ಭೂಮಾಪಕರಿಂದ ಹದ್ದುಬಸ್ತು, ಅಂದರೆ ಗಡಿ ಗುರುತು, ಮಾಡಿಸಿ. ಅವರ ರೋವರ್ ಉಪಕರಣ ನೆಲದ ಮೇಲಿನ ಸ್ಥಿರ ಕೇಂದ್ರಗಳಿಂದ ತಿದ್ದುಪಡಿ ಪಡೆದು ಸೆಂಟಿಮೀಟರ್ ಮಟ್ಟಕ್ಕೆ ಅಳೆಯಬಲ್ಲದು. ಅದಕ್ಕೂ ದಟ್ಟ ಮರದ ಕೆಳಗೆ ಕಷ್ಟವಿದೆ. ಹಾಗಾಗಿ ಅಳತೆಗೆ ಬರುವ ಮೊದಲು ಗಡಿಕಲ್ಲಿನ ಮೇಲಿನ ಬಳ್ಳಿ, ಪೊದೆ ಸವರಿಸಿಡಿ.

ಇಷ್ಟೆಲ್ಲ ಆದ ಮೇಲೂ ಸರಿಯಾಗದಿದ್ದರೆ

ಬಯಲಿನಲ್ಲಿ, ಕವರ್ ಇಲ್ಲದೆ, ಪಕ್ಕದ ಫೋನ್ ಸರಿಯಾಗಿ ತೋರಿಸುವಾಗ ನಿಮ್ಮದರಲ್ಲಿ ಮಾತ್ರ ಎಲ್ಲ ಉಪಗ್ರಹಗಳೂ ಸೊರಗಿದ್ದರೆ ಆಂಟೆನಾ ಸಡಿಲವಾಗಿರಬಹುದು. ಫೋನ್ ಬಿದ್ದ ಮೇಲೆ, ನೀರಿಗೆ ಸಿಕ್ಕ ಮೇಲೆ ಅಥವಾ ಪರದೆ ಬದಲಿಸಿದ ಮೇಲೆ ಶುರುವಾಗಿದ್ದರೆ ಅನುಮಾನ ಇನ್ನೂ ಗಟ್ಟಿ. ನೀವೇ ಬಿಚ್ಚಬೇಡಿ, ಒಳಗಿನ ಬ್ಯಾಟರಿಗೆ ಪೆಟ್ಟಾದರೆ ಬೆಂಕಿ ಹತ್ತಬಹುದು. ಎರಡೂ ಫೋನುಗಳ ಉಪಗ್ರಹ ಪರದೆಯ ಸ್ಕ್ರೀನ್‌ಶಾಟ್ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ತೆಗೆದುಕೊಂಡು ಸರ್ವಿಸ್ ಸೆಂಟರಿಗೆ ಹೋಗಿ ತೋರಿಸಿ. ಮದರ್‌ಬೋರ್ಡ್ ಹೋಗಿದೆ ಎಂದು ಮೊದಲೇ ಹೇಳಿದರೆ, ಆಂಟೆನಾ ಸಂಪರ್ಕ ನೋಡಿದ್ದೀರಾ ಎಂದು ಕೇಳಿ. ಕೊಡುವ ಮುಂಚೆ ಫೋಟೋ, ದಾಖಲೆಗಳ ಬ್ಯಾಕಪ್ ತೆಗೆದಿಡಿ. ರಿಪೇರಿಯಾದ ಮೇಲೆ ಅಂಗಡಿಯೊಳಗೇ ಪರೀಕ್ಷಿಸದೆ, ಹೊರಗಿನ ರಸ್ತೆಗೆ ಬಂದು ಆಕಾಶದ ಕೆಳಗೆ ನೋಡಿ ಆಮೇಲೆ ದುಡ್ಡು ಕೊಡಿ.